ಆಯಿಯ ಹೆಬ್ಬೆರಳು

ನನ್ನ ಮೇಜಿನ ಮೇಲೆ ಒಂದು ಪುಸ್ತಕ ಬಿದ್ದಿದೆ. ನುಣುಪು ಕಾಗದ, ಬಣ್ಣದ ಮುಖಪುಟ, ಅದರ ಮೇಲೆ ನಮ್ಮ ಆಯಿ ನಗುತ್ತಿದ್ದಾಳೆ. ಆಯಿ ಅಂದರೆ ನಮ್ಮ ಕಡೆ ಅಜ್ಜಿ, ಅಪ್ಪನ ಅವ್ವ. ತೊಂಬತ್ತರ ಹತ್ತಿರ ಬದುಕಿದ ಆ ಮುದುಕಿ ಕ್ಯಾಮರಾ ಮುಂದೆ ನಕ್ಕಿದ್ದನ್ನು ಕಂಡವರು ಯಾರೂ ಇಲ್ಲ. ಇದ್ದ ಒಂದೇ ಒಂದು ಒಳ್ಳೆಯ ಫೋಟೋದಲ್ಲಿ ಆಕೆ ಫೋಟೋ ತೆಗೆಯುವವನನ್ನು, ಇವನಿಗೆ ಎರಡು ಬಿಡಲೋ ನಾಲ್ಕು ಬಿಡಲೋ ಎಂದು ಯೋಚಿಸುತ್ತಿರುವವಳ ಹಾಗೆ ನೋಡುತ್ತಿದ್ದಳು. ಸ್ಟುಡಿಯೋದವರು ಅದೇ ಫೋಟೋವನ್ನು ಕಂಪ್ಯೂಟರಿಗೆ ಹಾಕಿ, ತುಟಿಯ ಎರಡೂ ತುದಿಗಳನ್ನು ಮೇಲಕ್ಕೆ ಎಳೆದಿದ್ದಾರೆ. ಕಿವಿಗೆ ಬಂಗಾರ ತೊಡಿಸಿದ್ದಾರೆ. ಹಿಂದೆ ಮೋಡ, ಮೋಡದ ಹಿಂದೆ ಸೂರ್ಯ. ಪುಸ್ತಕದ ಹೆಸರು ‘ಕರುಣೆಯ ಕಡಲು’.

ಕರುಣೆಯಂತೆ, ಕಡಲಂತೆ! ಆಯಿ ಇದನ್ನು ನೋಡಿದ್ದರೆ ಒಲೆ ಹೊತ್ತಿಸಲಿಕ್ಕೆ ಇಟ್ಟುಕೊಳ್ಳುತ್ತಿದ್ದಳು. ಅದೂ ಸಾಧ್ಯವಿಲ್ಲ, ಈ ನುಣುಪು ಕಾಗದ ಬರೀ ಹೊಗೆ ಕೊಡುತ್ತದೆ.

ಆಯಿ ಹೋಗಿ ಒಂದು ವರ್ಷವಾದಾಗ ದೊಡ್ಡಪ್ಪನವರು ಹಮ್ಮಿಕೊಂಡ ಪುಣ್ಯಸ್ಮರಣೆಯ ಕಾರ್ಯಕ್ರಮದಲ್ಲಿ ಈ ಪುಸ್ತಕ ಬಿಡುಗಡೆಯಾಯಿತು. ದೊಡ್ಡಪ್ಪ ಆಯಿಯ ಹಿರಿಯ ಮಗ, ನಿವೃತ್ತ ಅಧಿಕಾರಿ. ನಿವೃತ್ತಿ ಸರಕಾರದ ಲೆಕ್ಕದಲ್ಲಿ ಮಾತ್ರ. ಪುಸ್ತಕದಲ್ಲಿ ಅವರದೇ ಎಂಟು ಪುಟದ ಲೇಖನವಿದೆ. ಆಯಿ ಅದರಲ್ಲಿ ಒಂದೂವರೆ ಪುಟ ಬದುಕುತ್ತಾಳೆ. ಉಳಿದದ್ದರಲ್ಲಿ ದೊಡ್ಡಪ್ಪ ಒಂದು ತಾಲೂಕಿನಿಂದ ಇನ್ನೊಂದು ತಾಲೂಕಿಗೆ ವರ್ಗವಾಗುತ್ತಾರೆ. ಮುಂದಿನ ಪುಟದಲ್ಲಿ ನನ್ನ ಚಿಕ್ಕಪ್ಪನ ಮಗಳ ಕವಿತೆ. ಆಯಿ ನಮ್ಮೆದುರು ಎಂದೂ ಬಾಳೆಹಣ್ಣು ತಿಂದವಳಲ್ಲ ಎಂಬ ಒಂದು ಸಂಗತಿಯನ್ನು ಹಿಡಿದುಕೊಂಡು ಆಕೆ ಹದಿನಾರು ಸಾಲು ಅತ್ತಿದ್ದಾಳೆ. ತಾಯಿ ತಾನುಣ್ಣಲಿಲ್ಲ, ನಮಗೆ ಉಣಿಸಿದಳು, ತಾನು ಉಪವಾಸವಿದ್ದಳು, ಹೀಗೆ. ಆಯಿ ಉಪವಾಸವಿದ್ದದ್ದನ್ನು ನಾನಂತೂ ಕಂಡಿಲ್ಲ. ಹೊತ್ತಿಗೆ ಸರಿಯಾಗಿ ನಾಲ್ಕು ಜೋಳದ ರೊಟ್ಟಿ ಮುರಿಯುತ್ತಿದ್ದಳು, ಪುಂಡಿಪಲ್ಯ ಇದ್ದರೆ ಐದು.

ಕವಿತೆಯ ನಂತರದ ಪುಟ ನನ್ನದು. ಅದಕ್ಕೆ ಆಮೇಲೆ ಬರುತ್ತೇನೆ. ಬೇರೆಯವರನ್ನು ಬೈಯುವುದು ಮೊದಲು ಮುಗಿಯಲಿ.

ನಿಜವಾದ ಆಯಿ ಹೇಗಿದ್ದಳು ಅಂದರೆ, ಹೊಸದಾಗಿ ಬಂದ ಸೊಸೆ ಮಾಡಿದ ಮೊದಲ ರೊಟ್ಟಿಯನ್ನು ಎತ್ತಿ, ತಿರುಗಿಸಿ ನೋಡಿ, “ಚಪ್ಪಲಿ ಅಂಗಡಿಗೆ ಕೊಟ್ಟು ಬಾ, ತಳಕ್ಕ ಹಚ್ತಾರ” ಅಂದವಳು. ದೊಡ್ಡಪ್ಪನವರಿಗೆ ದೊಡ್ಡ ಹುದ್ದೆ ಸಿಕ್ಕು, ಪೇಢೆಯ ಡಬ್ಬಿ ಹಿಡಿದುಕೊಂಡು ನಮ್ಮೂರು ಕಮಲಾಪುರಕ್ಕೆ ಬಂದಾಗ, ಪೇಢೆ ಬಾಯಿಗೆ ಹಾಕಿಕೊಂಡೇ, “ಸರಕಾರಕ್ಕ ಬ್ಯಾರೆ ಯಾರೂ ಸಿಗಲಿಲ್ಲೇನು?” ಎಂದು ಕೇಳಿದವಳು. ಕಲಬುರಗಿಯ ಶಾಲೆಯೊಂದರಲ್ಲಿ ನಾನು ಗಣಿತದ ಟೀಚರ್ ಆದೆನೆಂದು ಹೇಳಲು ಹೋದೆ. ಬಹಳ ಹೊತ್ತು ನನ್ನ ಮುಖ ನೋಡಿ, “ಪಾಪ, ಆ ಹುಡುಗರು” ಅಂದಳು. ಅಷ್ಟೇ.

ಅವಳನ್ನು ನಾನು ಬಹಳ ಪ್ರೀತಿಸುತ್ತಿದ್ದೆ. ಯಾಕೆ ಎಂದು ಕೇಳಬೇಡಿ. ನಮ್ಮನ್ನು ಹೊಗಳುವವರು ಮನೆ ತುಂಬ ಇದ್ದರು, ಅವರ ಹೊಗಳಿಕೆಗೆ ಬೆಲೆ ಇರಲಿಲ್ಲ. ಆಯಿ ಒಂದು ಸಲ ಸುಮ್ಮನೆ ಇದ್ದರೂ ಸಾಕು, ಅಂದು ನಾವು ಏನೋ ಒಳ್ಳೆಯದು ಮಾಡಿದ್ದೇವೆ ಎಂದು ಗೊತ್ತಾಗುತ್ತಿತ್ತು.

ಕಮಲಾಪುರದ ಕೆಂಪು ಬಾಳೆಹಣ್ಣು ನಿಮಗೆ ಗೊತ್ತಿರಬಹುದು. ಗೊತ್ತಿಲ್ಲದಿದ್ದರೆ ಕಲಬುರಗಿಯಿಂದ ಹುಮನಾಬಾದಿನ ರಸ್ತೆ ಹಿಡಿದು ಬನ್ನಿ, ರಸ್ತೆಯ ಪಕ್ಕದಲ್ಲಿ ತೂಗುಹಾಕಿರುತ್ತಾರೆ. ಅದರ ತೊಂದರೆ ಏನೆಂದರೆ ಕಾಯಿಯೂ ಕೆಂಪು, ಹಣ್ಣೂ ಕೆಂಪು. ಹಳದಿ ಬಾಳೆಯ ಹಾಗೆ ಹಸಿರಿದ್ದದ್ದು ಹಳದಿಯಾಯಿತು, ತಿನ್ನು ಎಂದು ಅದು ತಾನಾಗಿ ಹೇಳುವುದಿಲ್ಲ. ಪೇಟೆಯವರು ಬಣ್ಣ ನೋಡಿ ಮರುಳಾಗಿ ಕೊಂಡು, ಮನೆಗೆ ಹೋಗಿ ಕಚ್ಚಿ, ಒಗರಿಗೆ ಬಾಯಿ ಹಿಡಿದುಕೊಂಡು ಊರಿಗೇ ಶಾಪ ಹಾಕುತ್ತಾರೆ. ಆಯಿಗೆ ಅಂಥವರನ್ನು ಕಂಡರೆ ಆಗುತ್ತಿರಲಿಲ್ಲ. ತೋಟಕ್ಕೆ ಕಾರಿನಲ್ಲಿ ಬಂದು, “ಎಷ್ಟು ಚಂದ ಬಣ್ಣ!” ಎಂದವರಿಗೆ, “ಬಣ್ಣ ಬೇಕಾದ್ರ ಸೀರಿ ಅಂಗಡಿಗೆ ಹೋಗ್ರಿ” ಎಂದು ಹೇಳಿ ಬೆನ್ನು ತಿರುಗಿಸುತ್ತಿದ್ದಳು.

ಮನೆಯ ಹಿಂದೆ ಕಿಟಕಿಯಿಲ್ಲದ ಒಂದು ಕೋಣೆ ಇತ್ತು. ಗೊನೆಗಳನ್ನು ಅಲ್ಲಿ ಹುಲ್ಲಿನ ನಡುವೆ ಇಟ್ಟು, ಕುಳ್ಳಿನ, ಅಂದರೆ ಬೆರಣಿಯ, ಹೊಗೆ ಕೊಟ್ಟು, ಬಾಗಿಲಿಗೆ ಮಣ್ಣು ಮೆತ್ತಿ ಹಣ್ಣಿಗೆ ಹಾಕುತ್ತಿದ್ದರು. ಬೇಸಿಗೆ ರಜೆಗೆ ಹೋದ ನಾವು ಮೊಮ್ಮಕ್ಕಳು ಆ ಬಾಗಿಲು ತೆರೆಯುವ ದಿನಕ್ಕಾಗಿ ಕಾಯುತ್ತಿದ್ದೆವು. ಆಯಿ ಮೊದಲು ಒಬ್ಬಳೇ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. “ಹೊಗಿ ಆರಲಿ, ಕಣ್ಣು ಉರೀತಾವ” ಎಂದು ನಮ್ಮನ್ನು ದೂರ ಇಡುತ್ತಿದ್ದಳು. ಆಮೇಲೆ ಕರೆಯುತ್ತಿದ್ದಳು. ನಾವು ಸಾಲಾಗಿ ನಿಲ್ಲಬೇಕು, ಉಸಿರು ಬಿಡಬಾರದು. ಆಯಿ ಒಂದು ಚಿಪ್ಪು ಎತ್ತಿಕೊಳ್ಳುವಳು, ಕಣ್ಣು ಮುಚ್ಚುವಳು, ಹೆಬ್ಬೆರಳನ್ನು ಹಣ್ಣಿನ ತೊಟ್ಟಿನ ಬಳಿ ಇಟ್ಟು ಮೆಲ್ಲಗೆ ಒತ್ತುವಳು.

“ಇದು ಆಗ್ಯಾದ.”

ಇನ್ನೊಂದು ಚಿಪ್ಪು, ಮತ್ತೆ ಕಣ್ಣು ಮುಚ್ಚಿ.

“ಇದು ನಾಳಿಗೆ.”

ಒಮ್ಮೆಯೂ ತಪ್ಪಿದ್ದಿಲ್ಲ. ಆಗಿದೆ ಎಂದದ್ದು ಬೆಣ್ಣೆಯಂತೆ ಇರುತ್ತಿತ್ತು. ನಾಳೆಗೆ ಎಂದದ್ದನ್ನು ನನ್ನ ತಮ್ಮ ಕದ್ದು ತಿಂದು, ನಾಲಿಗೆ ಮರಗಟ್ಟಿ, ಅತ್ತದ್ದೂ ಉಂಟು. ನಮ್ಮ ಪಾಲಿಗೆ ಶರಣಬಸವೇಶ್ವರರ ಪವಾಡಗಳ ನಂತರದ ಸ್ಥಾನ ಆಯಿಯ ಹೆಬ್ಬೆರಳಿಗೆ.

ನನಗೆ ಹತ್ತು ವರ್ಷವಿದ್ದಾಗ ಒಂದು ದಿನ ಆಯಿ ನನ್ನನ್ನೇ ಮುಂದೆ ಕರೆದು ನನ್ನ ಹೆಬ್ಬೆರಳನ್ನು ಹಣ್ಣಿನ ಮೇಲೆ ಇಡಿಸಿದಳು. “ಒತ್ತು. ಒತ್ತಿದ್ರ ಹಣ್ಣು ಹೇಳ್ತದ. ತಿಳೀತೇನು?” ಅಂದಳು. ನನಗೆ ಏನೂ ತಿಳಿಯಲಿಲ್ಲ. ತಿಳಿಯಿತು ಅಂದೆ. ಆಯಿ ಏನೂ ಬೈಯಲಿಲ್ಲ, ಸುಮ್ಮನಿದ್ದಳು. ಆಯಿಯ ಮೌನಕ್ಕೆ ಎಷ್ಟು ಬೆಲೆ ಎಂದು ಈಗಷ್ಟೇ ಹೇಳಿದೆನಲ್ಲ! ಆವತ್ತಿನಿಂದ ನಾನು ಆ ವಿದ್ಯೆಯ ವಾರಸುದಾರಳು ಎಂದು ನನಗೆ ನಾನೇ ಪಟ್ಟ ಕಟ್ಟಿಕೊಂಡೆ. ನಲವತ್ತು ವರ್ಷದಿಂದ ಕಲಬುರಗಿಯ ಹಣ್ಣಿನ ಅಂಗಡಿಗಳಲ್ಲಿ ಕಣ್ಣು ಮುಚ್ಚಿ ಪಪ್ಪಾಯಿ ಒತ್ತುತ್ತಾ ಬಂದಿದ್ದೇನೆ. ನನ್ನ ಯಜಮಾನರು ಆಗ ಎದುರಿನ ಅಂಗಡಿಯ ಬೋರ್ಡು ಓದುತ್ತಾ ನಿಲ್ಲುತ್ತಾರೆ.

ಸ್ಮರಣೆಯ ಪುಸ್ತಕದಲ್ಲಿ ನಾನು ಬರೆದ ಪುಟ ಇದೇ. ಆಯಿಯ ಹೆಬ್ಬೆರಳು, ಅದು ನನಗೆ ದಾಟಿ ಬಂದ ಕಥೆ. ಉಳಿದವರೆಲ್ಲ ಸುಳ್ಳು ಬರೆದಿದ್ದಾರೆ, ನಿಜವಾದ ಆಯಿ ಇರುವುದು ನನ್ನ ಪುಟದಲ್ಲಿ ಮಾತ್ರ ಎಂಬ ಹೆಮ್ಮೆ ನನಗೆ. ಅಚ್ಚಾಗಿ ಬಂದ ಪುಸ್ತಕದಲ್ಲಿ ಅದನ್ನು ಓದಿದ್ದೇ, ಕಾರ್ಯಕ್ರಮದ ಹಿಂದಿನ ದಿನ ದೊಡ್ಡಪ್ಪ ಫೋನ್ ಮಾಡಿದರು.

“ಕಾರ್ಯಕ್ರಮಕ್ಕ ಬಂದವರಿಗೆಲ್ಲ ಒಂದೊಂದು ಕೆಂಪ ಬಾಳಿಹಣ್ಣು ಕೊಡೂದು. ಚೀಲದ ಮ್ಯಾಲ ‘ಆಯಿ ಕೈಯ ಪ್ರಸಾದ’ ಅಂತ ಅಚ್ಚು ಹಾಕಿಸೇನಿ. ಐದನೂರು ಹಣ್ಣು. ಮಸ್ತಾನಸಾಬನ ಗೋದಾಮಿನ್ಯಾಗ ಅದಾವ, ನೀ ಹೋಗಿ ನೋಡ್ಕೊಂಡು ಬಾ. ಆಯಿ ಕೈ ಅದ ನಿನಗ.”

ಆಯಿಯೇ ಸತ್ತಿರುವಾಗ ಆಯಿಯ ಕೈಯ ಪ್ರಸಾದ ಹೇಗೆ ಎಂದು ನಾನು ಕೇಳಬೇಕಿತ್ತು. “ಆಯಿ ಕೈ ಅದ ನಿನಗ” ಎಂಬ ಮಾತು ಕಿವಿಗೆ ಬಿದ್ದ ಮೇಲೆ ಮತ್ತೇನೂ ಕೇಳಿಸಲಿಲ್ಲ. ಊರಂಚಿನ ಕೋಟನೂರಿನ ನನ್ನ ಮನೆಯಿಂದ ಆಟೋ ಹಿಡಿದು ಸ್ಟೇಶನ್ ಬಜಾರಿಗೆ ಹೋದೆ.

ಮಸ್ತಾನಸಾಬರು ನಮಗೆ ಹೊಸಬರಲ್ಲ. ಊರಲ್ಲಿ ಹೊಗೆ ಹಾಕುವುದು ಆಯಿಯ ಕೈಲಿ ಆಗದಂತಾದ ಮೇಲೆ ನಮ್ಮ ತೋಟದ ಗೊನೆಗಳು ಹಣ್ಣಾಗಲು ಬರುತ್ತಿದ್ದದ್ದು ಅವರ ಗೋದಾಮಿಗೇ. ಹಣ್ಣು ತಯಾರಾಗಿದೆ ಎಂದು ಅವರು ಹೇಳಿ ಕಳಿಸಿದರೆ ಆಯಿ ಬೆಳಗಿನ ಬಸ್ಸಿಗೆ ಬಂದು, ನೋಡಿ, ಅವರನ್ನು ಮನಸಾರೆ ಬೈದು ಹೋಗುತ್ತಿದ್ದಳು. ಈಗ ಅವರಿಗೂ ಎಪ್ಪತ್ತಾಗಿದೆ. ನಾನು ಮೊದಲಿನಿಂದ ಚಾಚಾ ಅನ್ನುತ್ತೇನೆ.

ಚಾಚಾ ನನ್ನನ್ನು ಕಂಡಕೂಡಲೇ ಕೈ ಅಲ್ಲಾಡಿಸಿದರು. “ಬೇಟಿ, ಇನ್ನಾ ನಾಕು ದಿನ ಬೇಕು. ಗೊನಿ ತಡಾ ಮಾಡಿ ಕಳಿಸ್ಯಾರ. ನಾಳಿನ ಕಾರ್ಯಕ್ರಮಕ್ಕ ಹಳದಿ ಹಣ್ಣು ಕೊಡ್ತೀನಿ, ಸಾಹೇಬ್ರಿಗೆ ಹೇಳು.”

ನಾನು ಒಂದು ಚಿಪ್ಪು ಎತ್ತಿಕೊಂಡೆ. ಕಣ್ಣು ಮುಚ್ಚಿದೆ. ಹೆಬ್ಬೆರಳು ಇಟ್ಟು ಒತ್ತಿದೆ. ಸ್ವಲ್ಪ ಮೆತ್ತಗಿತ್ತು. ಅಥವಾ ಮೆತ್ತಗಿದೆ ಅನ್ನಿಸಿತು. ಗೋದಾಮಿನ ಹಮಾಲರು ಕೆಲಸ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು.

“ಆಗ್ಯಾವ ಚಾಚಾ” ಅಂದೆ.

“ಮ್ಯಾಲ ಮೆತ್ತಗ ಅದಾವ, ಒಳಗ ಕಚ್ಚಾ. ಒಂದು ತಿಂದು ನೋಡು.”

“ನಾ ಯಾರ ಮೊಮ್ಮಗಳು, ಗೊತ್ತದಿಲ್ಲ? ತಿಂದು ನೋಡೂದು ತಿಳೀಲಾರದವರ ಕೆಲಸ.”

ಚಾಚಾ ನನ್ನನ್ನು ಒಂದು ಗಳಿಗೆ ನೋಡಿದರು. ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡರು. “ಆತು, ನಿಮ್ಮ ಮರ್ಜಿ” ಅಂದರು. ಅಲ್ಲಿಯವರೆಗೆ ಬೇಟಿ, ನೀನು. ಅಲ್ಲಿಂದ ನೀವು.

ಕಾರ್ಯಕ್ರಮದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶರಣಬಸವೇಶ್ವರ ದೇವಸ್ಥಾನದ ಹತ್ತಿರದ ಒಂದು ಸಭಾಂಗಣ. ಬಾಗಿಲಲ್ಲಿ ಆಯಿಯ ಆಳೆತ್ತರದ ನಗು. ವೇದಿಕೆಯ ಮೇಲೆ ಸ್ವಾಮಿಗಳು, ಇಬ್ಬರು ಮುಖಂಡರು, ಆಯಿಯನ್ನು ಕಣ್ಣಾರೆ ಕಾಣದ ಮೂವರು ಭಾಷಣಕಾರರು. ಒಬ್ಬರು ಆಯಿಯ ಮೃದು ಮಾತನ್ನು ಕೊಂಡಾಡಿದರು. ನನ್ನ ಪಕ್ಕದಲ್ಲಿದ್ದ ದೊಡ್ಡಮ್ಮ, ಆ ಚಪ್ಪಲಿಯ ತಳದ ರೊಟ್ಟಿ ಮಾಡಿದ ಸೊಸೆ ಇವರೇ, ಕೆಮ್ಮು ಬಂದವರ ಹಾಗೆ ಸೆರಗು ಬಾಯಿಗೆ ಇಟ್ಟುಕೊಂಡರು. ಕೊನೆಗೆ ಪ್ರಸಾದದ ಚೀಲ ಹಂಚಿದರು. “ಎಲ್ಲಾರೂ ಇಲ್ಲೇ ಸ್ವೀಕಾರ ಮಾಡಬೇಕು” ಎಂದು ದೊಡ್ಡಪ್ಪ ಮೈಕಿನಲ್ಲಿ ವಿನಂತಿಸಿಕೊಂಡರು. ವಿಡಿಯೋದವರು ಕಾಯುತ್ತಿದ್ದರು.

ಐದುನೂರು ಜನ ಒಟ್ಟಿಗೆ ಒಗರು ಕಚ್ಚಿದ್ದನ್ನು ನೀವು ನೋಡಿರಲಿಕ್ಕಿಲ್ಲ. ಸದ್ದೇ ಇರಲಿಲ್ಲ. ಮುಖಗಳು ಮಾತ್ರ ಒಂದೊಂದಾಗಿ ಮುದುಡಿದವು. ಮುಖಂಡರೊಬ್ಬರು ಕರವಸ್ತ್ರಕ್ಕೆ ಉಗುಳಿದರು. ಸ್ವಾಮಿಗಳು ಉಗುಳುವಂತಿಲ್ಲ, ನುಂಗುವಂತಿಲ್ಲ. ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದರು. ನಾನೂ ಕಚ್ಚಿದೆ. ನಾಲಿಗೆಗೆ ಸುಣ್ಣ ಬಳಿದ ಹಾಗಾಯಿತು.

ದೊಡ್ಡಪ್ಪ ಮೈಕು ಬಿಟ್ಟಿರಲಿಲ್ಲ. “ಕ್ಷಮಾ ಮಾಡ್ರಿ. ಹಣ್ಣಿನ ವ್ಯಾಪಾರಿ ಮೋಸಾ ಮಾಡ್ಯಾನ. ನಮ್ಮವ್ವನ ಉಪ್ಪು ತಿಂದವಾ, ನಮ್ಮವ್ವನ ಹೆಸರಿಗೇ ಮೋಸಾ ಮಾಡ್ಯಾನ!”

ಮಸ್ತಾನಸಾಬರು ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ತಲೆಗೆ ಟೊಪ್ಪಿಗೆ. ಜನ ತಿರುಗಿ ನೋಡಿದರು. ಚಾಚಾ ಎದ್ದು ನಿಂತರು. ಈಗ ಹೇಳುತ್ತಾರೆ, ಆ ಮೇಡಂ ಒತ್ತಿ ನೋಡಿ ಒಪ್ಪಿದ್ದು ಎಂದು ನನ್ನ ಕಡೆ ಕೈ ತೋರಿಸುತ್ತಾರೆ ಎಂದು ನಾನು ಕುರ್ಚಿಯಲ್ಲಿ ತಗ್ಗಿ ಕುಳಿತೆ. ಅವರು ಮಾತ್ರ ಆಯಿಯ ಫೋಟೋದ ಕಡೆ ಒಮ್ಮೆ ನೋಡಿ, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಹೊರಗೆ ಹೋದರು.

ಅವರು ಹೊರಗೆ ಹೋದ ಮೇಲೆ ನನಗೆ ಧೈರ್ಯ ಬಂತು. ನಮ್ಮಂಥವರ ಧೈರ್ಯ ಬರುವುದೇ ಹಾಗೆ, ಬಸ್ಸು ಹೋದ ಮೇಲೆ. ಎದ್ದು ನಿಂತು, “ದೊಡ್ಡಪ್ಪಾ, ಹಣ್ಣು ನೋಡಿದಾಕಿ ನಾನು. ಚಾಚಾ ಬ್ಯಾಡ ಅಂದ್ರು, ನಾನೇ ಆಗ್ಯಾವ ಅಂದೆ. ತಪ್ಪು ನನ್ನದು” ಎಂದು ಕೂಗಿದೆ.

ದೊಡ್ಡಪ್ಪನವರ ಕಣ್ಣಲ್ಲಿ ನೀರು ಬಂತು. “ನೋಡ್ರಿ! ಮತ್ತೊಬ್ಬರ ತಪ್ಪು ತನ್ನ ಮ್ಯಾಲ ಹಾಕ್ಕೊಂಡ್ಳು. ಥೇಟ್ ನಮ್ಮವ್ವನ ಗುಣ!”

ಚಪ್ಪಾಳೆ ಬಿತ್ತು. ಮುದುಡಿದ ಬಾಯಿಗಳಿಂದಲೇ ಜನ ನನಗೆ ಶಹಬ್ಬಾಸ್ ಅಂದರು. ನಮ್ಮ ಆಯಿ ಮತ್ತೊಬ್ಬರ ತಪ್ಪು ತನ್ನ ಮೇಲೆ ಹಾಕಿಕೊಳ್ಳುವುದು ಹಾಗಿರಲಿ, ತನ್ನ ತಪ್ಪನ್ನೂ ತನ್ನ ಮೇಲೆ ಹಾಕಿಕೊಂಡವಳಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಉಪ್ಪು ಮಾರಿದವನನ್ನು ಬೈಯುತ್ತಿದ್ದಳು. ಇದನ್ನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನನಗೆ ಶಾಲು ಹೊದಿಸಿಬಿಟ್ಟರು. ಬೇರೆಯವರಿಗೆ ತಂದದ್ದು ಒಂದು ಮಿಕ್ಕಿತ್ತಂತೆ.

ಆ ರಾತ್ರಿ ದೊಡ್ಡಪ್ಪನವರಿಗೆ ಫೋನ್ ಮಾಡಿ ಇನ್ನೊಮ್ಮೆ ಹೇಳಿದೆ. “ಇರಲಿ ಬಿಡವ್ವಾ, ನೀ ದೊಡ್ಡ ಮನಸಿನಾಕಿ. ಆದರ ಇನ್ನಮ್ಯಾಲ ನಮ್ಮ ತ್ವಾಟದ ಮಾಲು ಅವನ ಕಡೆ ಬ್ಯಾಡ” ಅಂದರು. ಮೂವತ್ತು ವರ್ಷದ ವ್ಯವಹಾರ, ಸ್ಟೇಶನ್ ಬಜಾರಿನಲ್ಲಿ ಒಬ್ಬ ಮನುಷ್ಯನ ಹೆಸರು, ಎರಡೂ ನನ್ನ ಒಂದು ಬೆರಳಿನಿಂದ ಹೋಗುತ್ತಿದ್ದವು. ಅದೂ ಸಾಲದೆಂದು ನಾನು ಶಾಲು ಹೊದ್ದು ಕುಳಿತಿದ್ದೆ. ದೊಡ್ಡಪ್ಪನ ಪುಸ್ತಕ, ತಂಗಿಯ ಕವಿತೆ, ಎಲ್ಲವನ್ನೂ ಹೀಯಾಳಿಸಿದ ನಾನು ಅವರಿಗಿಂತ ಎಷ್ಟು ಕೀಳು ಎಂದು ಅನ್ನಿಸಿತು.

ಮೂರು ದಿನ ಮುಖ ತೋರಿಸಲು ಆಗಲಿಲ್ಲ. ನಾಲ್ಕನೆಯ ದಿನ ಗೋದಾಮಿಗೆ ಹೋದೆ. ಚಾಚಾ ಎಂದಿನ ಹಾಗೆ ಕುಳಿತಿದ್ದರು. ನಾನು ಕ್ಷಮೆ ಕೇಳಿದೆ. ಅವರು ಕೇಳಿಸದವರ ಹಾಗೆ ಹಿಂದಕ್ಕೆ ತಿರುಗಿ, ಉಳಿದಿದ್ದ ಒಂದು ಚಿಪ್ಪಿನಿಂದ ಒಂದು ಹಣ್ಣು ಕಿತ್ತು ಕೊಟ್ಟರು.

“ಇಂದು ಆಗ್ಯಾವ. ತಿನ್ನು.”

ನಾನು ಮತ್ತೆ ‘ನೀನು’ ಆಗಿದ್ದೆ. ತಿಂದೆ. ಹಣ್ಣು ಸಿಹಿಯಾಗಿತ್ತು.

“ನನಗ ಆಯಿ ಕೈ ಬರಲೇ ಇಲ್ಲ ಚಾಚಾ. ಆಕಿ ಬರೀ ಹೆಬ್ಬಟ್ಟಿಲೇ ಹೇಳ್ತಿದ್ಳು” ಅಂದೆ.

ಚಾಚಾ ನಕ್ಕರು. “ಹೆಬ್ಬಟ್ಟು! ಅದು ನಿಮ್ಮಂಥಾ ಹುಡುಗರ ಮುಂದ. ಇಲ್ಲಿ ಬಂದ್ರ ಚಿಪ್ಪಿಗೊಂದು ಹಣ್ಣು ಸುಲದು ತಿಂದ ಮ್ಯಾಲೇ ಮಾತು. ಊರಾಗೂ ಹಂಗೇ. ಕ್ವಾಣಿ ಬಾಗಲಾ ಹಾಕ್ಕೊಂಡು ಮೊದಲ ಒಂದೊಂದು ತಿಂದು ನೋಡಿ, ಆಮ್ಯಾಲ ನಿಮ್ಮನ್ನ ಕರೀತಿದ್ಳಂತ. ಆಕಿನೇ ಹೇಳ್ಯಾಳ ನನಗ.”

ಹಾಗಾದರೆ ಹೊಗೆಗೆ ಕಣ್ಣು ಉರಿಯುತ್ತಿದ್ದದ್ದು? ಚಿಪ್ಪುಗಳಲ್ಲಿ ಒಂದೊಂದು ಹಣ್ಣು ಕಡಿಮೆ ಇದ್ದದ್ದಕ್ಕೆ ಆಯಿ ಇಲಿಗಳನ್ನು ಬೈಯುತ್ತಿದ್ದದ್ದು? ಗಣಿತದ ಟೀಚರ್ ನಾನು, ಒಂದು ದಿನವೂ ಎಣಿಸಲಿಲ್ಲ. ನಮ್ಮೆದುರು ಆಕೆ ಬಾಳೆಹಣ್ಣು ಮುಟ್ಟುತ್ತಿರಲಿಲ್ಲ, ಸರಿ. ಎಲ್ಲಿ ಮುಟ್ಟುತ್ತಾಳೆ, ಹೊಟ್ಟೆಯಲ್ಲಿ ಆಗಲೇ ಎಂಟು ಹಣ್ಣು ಇರುತ್ತಿದ್ದವು! ಅದರ ಮೇಲೆ ಹದಿನಾರು ಸಾಲಿನ ಕವಿತೆ.

ನಾನು ನಕ್ಕೆ, ಅಳುವೂ ಬಂತು. “ಯಾಕ ಹಂಗ ಮಾಡ್ತಿದ್ಳು ಚಾಚಾ?”

“ನಾನೂ ಕೇಳಿದ್ದೆ. ‘ಮೊಮ್ಮಕ್ಕಳು ಕಣ್ಣ ಬಿಟ್ಕೊಂಡು ನೋಡ್ತಾವ ಮಸ್ತಾನ, ಭಾಳ ಛಲೋ ಅನಸ್ತದ’ ಅಂದ್ಳು. ಯಾರ ಮುಂದೂ ಹೇಳಬ್ಯಾಡಂತ ನನ್ನ ಕಡೆ ಮಾತು ತಗೊಂಡಿದ್ಳು.”

ಜಗತ್ತಿನಲ್ಲಿ ಯಾರ ಮೆಚ್ಚುಗೆಗೂ ಕಾಸಿನ ಬೆಲೆ ಕೊಡದ ಹೆಂಗಸು, ಮೂಗು ಸೋರುವ ನಮ್ಮ ಐದಾರು ಜನರ ಕಣ್ಣಲ್ಲಿ ದೊಡ್ಡವಳಾಗಿ ಕಾಣಲು ಆ ಹೊಗೆಯಲ್ಲಿ ಕುಳಿತು ಹಣ್ಣು ತಿನ್ನುತ್ತಿದ್ದಳು. ಅವಳ ಮೇಲೆ ನನಗೆ ಎಂದೂ ಇಲ್ಲದಷ್ಟು ಪ್ರೀತಿ ಬಂತು. ಅವಳ ಗುಟ್ಟನ್ನು ನಾನು ಇಲ್ಲಿ ಬಯಲು ಮಾಡುತ್ತಿದ್ದೇನೆ ಎಂದು ನೀವು ಬೇಸರಪಡಬೇಡಿ. ಮಾತು ಕೊಟ್ಟವರು ಚಾಚಾ, ನಾನಲ್ಲ.

“ಚಾಚಾ, ನೀವು ಸಭಾದಾಗ ಇದನ್ನ ಹೇಳಬಹುದಿತ್ತಲ್ಲ. ಆಕಿನೂ ತಿಂದು ನೋಡ್ತಿದ್ಳು, ಈಕಿ ನೋಡಲಿಲ್ಲ ಅಂತ. ಒಂದ ಮಾತಿನ್ಯಾಗ ನಿಮ್ಮ ಮ್ಯಾಲಿನ ಅಪವಾದ ಹೋಗ್ತಿತ್ತು.”

“ಆಕಿ ಫೋಟೋ ಅಲ್ಲೇ ಇತ್ತಲ್ಲವ್ವಾ” ಅಂದರು ಚಾಚಾ. “ಆಕಿ ಮುಂದ ಹ್ಯಾಂಗ ಹೇಳ್ಲಿ?”

ನಾನು ಅಲ್ಲೇ ನಿಂತು ದೊಡ್ಡಪ್ಪನವರಿಗೆ ಫೋನ್ ಹಚ್ಚಿದೆ. “ದೊಡ್ಡಪ್ಪಾ, ನಾ ದೊಡ್ಡ ಮನಸಿನಾಕಿ ಅಲ್ಲ, ಸೊಕ್ಕಿನಾಕಿ. ಚಾಚಾ ಬ್ಯಾಡಂದ್ರೂ ಕೇಳಲಿಲ್ಲ. ಐದನೂರು ಮಂದಿ ಮುಂದ ನೀವು ಅವರಿಗೆ ಮೋಸಗಾರ ಅಂದೀರಿ. ಗೋದಾಮಿಗೆ ಬಂದು ತಪ್ಪಾತು ಅನ್ರಿ. ನೀವು ಬರೂತನಾ ನಾ ಇಲ್ಲಿಂದ ಏಳೂದಿಲ್ಲ.” ಅವರು ಮೊದಲು ನಕ್ಕರು, ಆಮೇಲೆ ಸಿಟ್ಟಾದರು, ಆಮೇಲೆ ಫೋನ್ ಇಟ್ಟರು. ಚಾಚಾ “ಬ್ಯಾಡವ್ವಾ, ಬಿಡು” ಅಂದರು. ನಾನು ಒಂದು ಖಾಲಿ ಪೆಟ್ಟಿಗೆ ಎಳೆದುಕೊಂಡು ಕುಳಿತೆ.

ದೊಡ್ಡಪ್ಪ ಬರಲು ಎರಡು ತಾಸು ಹಿಡಿಯಿತು. ಕಾರು ದೂರ ನಿಲ್ಲಿಸಿ ನಡೆದು ಬಂದರು. ಚಾಚಾ ಎದ್ದು ಕುರ್ಚಿ ಒರೆಸಿ ಕೊಟ್ಟರು, ಅವರು ಕೂರಲಿಲ್ಲ. ಗೊನೆಗಳನ್ನು ನೋಡಿದರು, ತಕ್ಕಡಿಯನ್ನು ನೋಡಿದರು, ಚಾಚಾನ ಮುಖ ಒಂದನ್ನು ಬಿಟ್ಟು ಎಲ್ಲವನ್ನೂ ನೋಡಿದರು. ಹಮಾಲರು ಕೆಲಸ ನಿಲ್ಲಿಸಿ ನಿಂತಿದ್ದರು. ಕೊನೆಗೆ ದೊಡ್ಡಪ್ಪ ತಕ್ಕಡಿಗೆ ಹೇಳುವವರ ಹಾಗೆ, “ತಪ್ಪಾತಪ್ಪಾ ಮಸ್ತಾನ” ಅಂದರು. ಅಂದವರೇ ತಿರುಗಿ ಹೊರಟುಬಿಟ್ಟರು.

ಆಯಿಯ ಮಗನ ಬಾಯಲ್ಲಿ ಅಷ್ಟು ಬಂದದ್ದೇ ಹೆಚ್ಚು. ಆಯಿಗೆ ಅಷ್ಟೂ ಬರುತ್ತಿರಲಿಲ್ಲ.